ಕರ್ನಲ್ ಜಾಲಭಾಗದಲ್ಲಿ ಬೀಗದ ದೋಷ: ಪ್ರಮಾಣ ಪರೀಕ್ಷೆಯ ಒಂದು ಉದಾಹರಣೆ

ನಡೆದುಹೋದ ಘಟನೆಯನ್ನು ಅದು ಉಳಿಸಿಹೋದ ಕುರುಹುಗಳಿಂದ ಪುನಾರಚಿಸುವುದು ಇತಿಹಾಸಕಾರನ ಕಾರ್ಯ. ಇದೇ ಕಾರ್ಯವನ್ನು ಬೇರೊಂದು ಕ್ಷೇತ್ರದಲ್ಲಿ, ಬೇರೆ ಸಾಧನಗಳಿಂದ ನಡೆಸುವವರೂ ಇದ್ದಾರೆ. ಗಣಕಯಂತ್ರದ ಆಪರೇಟಿಂಗ್ ಸಿಸ್ಟಂ ಎಂಬ ಆಡಳಿತ ವ್ಯವಸ್ಥೆಯ ತಿರುಳಿಗೆ ಕರ್ನಲ್ ಎಂದು ಹೆಸರು. ಈ ಕರ್ನಲ್‌ನ ಜಾಲಸಂಪರ್ಕ ಭಾಗವನ್ನು ತಿದ್ದಿದಾಗ ಯಂತ್ರವು ಕೆಲವು ವೇಳೆ ಯಾವ ಮುನ್ಸೂಚನೆಯೂ ಇಲ್ಲದೆ ಸ್ತಬ್ಧವಾಗಿಬಿಡುವುದುಂಟು. ಆಗ ಉಳಿಯುವುದು ತೆರೆಯ ಮೇಲಿನ ಕೆಲವು ಸಾಲುಗಳ ವರದಿ ಮಾತ್ರ. ಅದನ್ನು ಆಧಾರವಾಗಿಟ್ಟುಕೊಂಡು ಏನು ನಡೆಯಿತು, ಯಾವ ಕ್ರಮದಲ್ಲಿ ನಡೆಯಿತು ಎಂಬುದನ್ನು ನಿರ್ಣಯಿಸಬೇಕಾಗುತ್ತದೆ. ಈ ಬಗೆಯ ದೋಷದ ಸ್ವರೂಪವನ್ನೂ ಅದನ್ನು ಕಂಡುಹಿಡಿಯುವ ವಿಧಾನವನ್ನೂ ವಿವರಿಸುವುದು ಈ ಲೇಖನದ ಉದ್ದೇಶ. ಪ್ರಮಾಣ ಪರೀಕ್ಷೆಯಲ್ಲಿ ಆಸಕ್ತಿಯುಳ್ಳ ನಮ್ಮ ವಿದ್ಯಾರ್ಥಿಗಳಿಗೆ ಇದರಲ್ಲಿ ಪರಿಚಿತವಾದ ಅನೇಕ ಅಂಶಗಳು ಕಂಡುಬರುವುವೆಂದು ನಂಬಲಾಗಿದೆ.

೧. ಬೀಗದ ಅಗತ್ಯ

ಇಂದಿನ ಗಣಕಯಂತ್ರಗಳಲ್ಲಿ ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳಿರುವುದು ಸಾಮಾನ್ಯ. ಅವೆಲ್ಲವೂ ಒಂದೇ ಮೆಮೊರಿಯನ್ನು ಹಂಚಿಕೊಂಡು ಏಕಕಾಲದಲ್ಲಿ ಕೆಲಸ ಮಾಡುತ್ತವೆ. ಯಂತ್ರಕ್ಕೆ ಬಂದ ಪ್ಯಾಕೆಟ್‌ಗಳ, ಎಂದರೆ ಜಾಲದ ಮೂಲಕ ಬರುವ ಮಾಹಿತಿಯ ತುಣುಕುಗಳ, ಸಂಖ್ಯೆಯನ್ನು ಒಂದು ಸ್ಥಾನದಲ್ಲಿ ಬರೆದಿಟ್ಟಿದೆಯೆಂದು ಭಾವಿಸೋಣ. ಅಲ್ಲಿ ಈಗ 41 ಎಂದಿದೆ. ಒಂದು ಪ್ರೊಸೆಸರು ಅದನ್ನು ಓದಿ, ಒಂದನ್ನು ಕೂಡಿಸಿ, 42 ಎಂದು ಬರೆಯಬೇಕು. ಆದರೆ ಅದು ಓದಿದ ನಂತರ ಬರೆಯುವುದಕ್ಕೆ ಮೊದಲೇ ಎರಡನೆಯ ಪ್ರೊಸೆಸರೂ 41 ಎಂದು ಓದಿಬಿಟ್ಟರೆ ಎರಡೂ 42 ಎಂದೇ ಬರೆಯುತ್ತವೆ. ಬಂದದ್ದು ಎರಡು ಪ್ಯಾಕೆಟ್. ಲೆಕ್ಕಕ್ಕೆ ಸೇರಿದ್ದು ಒಂದು. ಸಂಖ್ಯೆಯ ಬದಲು ಅಲ್ಲಿ ಒಂದು ಪಟ್ಟಿಯ ಕೊಂಡಿಗಳಿದ್ದರೆ ಪಟ್ಟಿಯೇ ಕಡಿದುಹೋಗುತ್ತದೆ.

ಇದನ್ನು ತಡೆಯುವುದಕ್ಕಾಗಿ ಬೀಗದ ಏರ್ಪಾಡು. ಹಂಚಿಕೊಂಡ ವಸ್ತುವನ್ನು ಮುಟ್ಟುವ ಮುನ್ನ ಬೀಗವನ್ನು ಹಿಡಿಯಬೇಕು. ಕೆಲಸ ಮುಗಿದೊಡನೆ ಬಿಡಬೇಕು. ಒಂದು ಸಮಯದಲ್ಲಿ ಒಬ್ಬರೇ ಹಿಡಿಯಬಹುದು. ಕರ್ನಲ್‌ನಲ್ಲಿ ಇದರ ಮುಖ್ಯ ಪ್ರಭೇದಗಳು ಎರಡು. ಸ್ಪಿನ್ ಲಾಕ್ ಎಂಬುದರಲ್ಲಿ ಕಾಯುವ ಪ್ರೊಸೆಸರು ಬೇರೆ ಕೆಲಸಕ್ಕೆ ಹೋಗದೆ, ಬೀಗ ಬಿಟ್ಟಿತೇ ಎಂದು ಮತ್ತೆ ಮತ್ತೆ ನೋಡುತ್ತ ಅಲ್ಲಿಯೇ ನಿಲ್ಲುತ್ತದೆ. ಮ್ಯೂಟೆಕ್ಸ್ ಎಂಬುದರಲ್ಲಿ ಕಾಯುವ ಕೆಲಸವನ್ನು ಮಲಗಿಸಿ ಪ್ರೊಸೆಸರು ಬೇರೊಂದು ಕೆಲಸವನ್ನು ಕೈಗೊಳ್ಳುತ್ತದೆ. ಅತ್ಯಲ್ಪ ಕಾಲ ಹಿಡಿಯುವ ಬೀಗಕ್ಕೆ ಮೊದಲನೆಯದೂ, ದೀರ್ಘಕಾಲ ಹಿಡಿಯಬೇಕಾದುದಕ್ಕೆ ಎರಡನೆಯದೂ ಯೋಗ್ಯವೆಂದು ಸಾಮಾನ್ಯವಾಗಿ ಹೇಳಬಹುದು.

೨. ಪೂರ್ವೇತಿಹಾಸ

ಈ ಸಮಸ್ಯೆಯ ಶಾಸ್ತ್ರೀಯ ನಿರೂಪಣೆ ನೆದರ್ಲೆಂಡ್ಸಿನ ಎಡ್ಸ್‌ಗರ್ ಡೈಕ್‌ಸ್ಟ್ರನಿಂದ ಆರಂಭವಾಗುತ್ತದೆಂದು ಹೇಳುವುದು ವಾಡಿಕೆ. ಹಲವು ಯಂತ್ರಗಳಲ್ಲಿ ಒಂದು ಮಾತ್ರ ಒಮ್ಮೆಗೆ ನಿಯತಭಾಗವನ್ನು ಪ್ರವೇಶಿಸುವಂತೆ ಮಾಡುವುದು ಹೇಗೆಂಬುದನ್ನು ಆತನು 1965ರಲ್ಲಿ ಪ್ರಕಟಿಸಿದ ಕಿರುಲೇಖನವೊಂದರಲ್ಲಿ ತೋರಿಸಿದನು. ಅದೇ ವರ್ಷದ ಇನ್ನೊಂದು ಬರಹದಲ್ಲಿ, ರೈಲ್ವೆಯ ಕೈಮರದ ಹೆಸರನ್ನೇ ಹೊತ್ತ ಸೆಮಾಫೋರ್ ಎಂಬ ಸಾಧನವನ್ನು ವಿವರಿಸಿ, ಇಬ್ಬರು ಒಬ್ಬರಿಗಾಗಿ ಒಬ್ಬರು ಕಾಯುತ್ತ ಇಬ್ಬರೂ ಕದಲದಿರುವ ಸ್ಥಿತಿಯನ್ನು ಮಾರಕ ಆಲಿಂಗನವೆಂದು ಕರೆದನು. ಇದಕ್ಕೆ ಈಗ ರೂಢಿಯಲ್ಲಿರುವ ಹೆಸರು ಡೆಡ್‌ಲಾಕ್. ಎಂದರೆ, ಬೀಗವೆಂಬ ಪರಿಹಾರವೂ ಆ ಪರಿಹಾರದಿಂದಲೇ ಹುಟ್ಟುವ ವ್ಯಾಧಿಯೂ ಹೆಚ್ಚು ಕಡಮೆ ಒಂದೇ ಕಾಲದಲ್ಲಿ ಗುರುತಿಸಲ್ಪಟ್ಟವು.

1968ರಲ್ಲಿ ಐಬಿಎಂ ಸಂಸ್ಥೆಯ ಹ್ಯಾವೆಂಡರನು ಒಂದು ಸರಳ ಉಪಾಯವನ್ನು ಮುಂದಿಟ್ಟನು. ಎಲ್ಲ ಸಂಪನ್ಮೂಲಗಳಿಗೂ ಒಂದು ನಿಶ್ಚಿತ ಕ್ರಮವನ್ನು ಗೊತ್ತುಪಡಿಸಿ, ಎಲ್ಲರೂ ಅದೇ ಕ್ರಮದಲ್ಲಿ ಅವನ್ನು ಪಡೆಯತಕ್ಕದ್ದೆಂದು ವಿಧಿಸಿದರೆ ಡೆಡ್‌ಲಾಕ್ ಸಂಭವಿಸದು. 1971ರಲ್ಲಿ ಕಾಫ್‌ಮನ್, ಎಲ್ಫಿಕ್, ಶೋಷಾನಿ ಎಂಬ ಮೂವರು ಡೆಡ್‌ಲಾಕಿಗೆ ನಾಲ್ಕು ನಿಬಂಧನೆಗಳು ಒಟ್ಟಿಗೆ ಕೂಡಿಬರಬೇಕೆಂದು ವಿವರಿಸಿದರು: ವಸ್ತುವು ಒಬ್ಬರಿಗೇ ಮೀಸಲಾಗಿರುವುದು, ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯುವುದು, ಹಿಡಿದವನಿಂದ ಬಲಾತ್ಕಾರವಾಗಿ ಕಸಿದುಕೊಳ್ಳಲಾಗದಿರುವುದು, ಕಾಯುವವರ ಸಾಲು ಚಕ್ರಾಕಾರವಾಗಿ ತನ್ನನ್ನೇ ಬಂದು ಸೇರುವುದು. ಕರ್ನಲ್‌ನಲ್ಲಿ ಮೊದಲ ಮೂರು ಬಹುಮಟ್ಟಿಗೆ ಅನಿವಾರ್ಯ. ಆದುದರಿಂದ ನಾಲ್ಕನೆಯದಾದ ಚಕ್ರವನ್ನು ತಪ್ಪಿಸುವುದೇ ಉಳಿದ ದಾರಿ.

ಹೆಚ್ಚು ಪ್ರೊಸೆಸರುಗಳಿಲ್ಲದ ಕಾಲದಲ್ಲಿ ಈ ಪ್ರಶ್ನೆ ಇಷ್ಟು ತೀವ್ರವಾಗಿರಲಿಲ್ಲ. ಬರ್ಕ್ಲಿಯ ಯೂನಿಕ್ಸ್ ಕರ್ನಲ್‌ನಲ್ಲಿ ಜಾಲದ ಕೆಲಸ ನಡೆಯುವಾಗ ಆ ಮಟ್ಟದ ಇಂಟರಪ್ಟ್‌ಗಳನ್ನು, ಎಂದರೆ ಕೆಲಸದ ನಡುವೆ ಬಂದು ಗಮನ ಸೆಳೆಯುವ ಯಂತ್ರಾಂಶದ ಕರೆಗಳನ್ನು, ತಡೆಹಿಡಿದರೆ ಸಾಕಾಗುತ್ತಿತ್ತು. ಪ್ರೊಸೆಸರುಗಳು ಎರಡಾದಾಗ ಇದು ಸಾಲದಾಯಿತು. 1996ರ ಜೂನಿನಲ್ಲಿ ಬಿಡುಗಡೆಯಾದ ಲಿನಕ್ಸ್ 2.0 ಆವೃತ್ತಿಯು ಬಹು ಪ್ರೊಸೆಸರುಗಳಿಗೆ ಎಡೆಗೊಟ್ಟಿತಾದರೂ ಇಡೀ ಕರ್ನಲ್‌ಗೆ ಒಂದೇ ದೊಡ್ಡ ಬೀಗವನ್ನು ಇಟ್ಟಿತು. ಸುರಕ್ಷಿತ, ಆದರೆ ನಿಧಾನ. 1999ರಲ್ಲಿ ಮೈಂಡ್‌ಕ್ರಾಫ್ಟ್ ಎಂಬ ಸಂಸ್ಥೆ ಮೈಕ್ರೋಸಾಫ್ಟಿನ ಪರವಾಗಿ ನಾಲ್ಕು ಪ್ರೊಸೆಸರುಗಳ ಯಂತ್ರದಲ್ಲಿ ನಡೆಸಿದ ತುಲನಾತ್ಮಕ ಪರೀಕ್ಷೆ ವಾದವಿವಾದಕ್ಕೆ ಕಾರಣವಾಯಿತಾದರೂ, ಲಿನಕ್ಸಿನ ಜಾಲಭಾಗ ಒಮ್ಮೆಗೆ ಒಂದೇ ಪ್ರೊಸೆಸರಿನಲ್ಲಿ ನಡೆಯುವ ಕೊರತೆಯನ್ನು ಎತ್ತಿ ತೋರಿಸಿತು. 2001ರ ಜನವರಿಯ 2.4 ಆವೃತ್ತಿಯಲ್ಲಿ ಜಾಲಭಾಗವು ದೊಡ್ಡ ಬೀಗದಿಂದ ಬಹುಮಟ್ಟಿಗೆ ಹೊರಬಂದು ಅನೇಕ ಸಣ್ಣ ಬೀಗಗಳನ್ನು ಪಡೆಯಿತು. ಫ್ರೀಬಿಎಸ್‌ಡಿ ಕರ್ನಲ್‌ನಲ್ಲಿ ಇಂಥದೇ ಬದಲಾವಣೆ 2004ರ 5.3 ಆವೃತ್ತಿಯಲ್ಲಿ ಆಯಿತು. ಲಿನಕ್ಸಿನ ದೊಡ್ಡ ಬೀಗ ಸಂಪೂರ್ಣವಾಗಿ ತೊಲಗಿದ್ದು 2011ರ ಮೇ ತಿಂಗಳ 2.6.39 ಆವೃತ್ತಿಯಲ್ಲಿ.

ಒಂದು ದೊಡ್ಡ ಬೀಗದ ಬದಲು ನೂರಾರು ಸಣ್ಣ ಬೀಗಗಳು ಬಂದಾಗ ವೇಗ ಹೆಚ್ಚಿತು. ಅದರೊಡನೆ ಅವುಗಳ ಪರಸ್ಪರ ಕ್ರಮವೆಂಬ ಹೊಸ ಹೊಣೆಯೂ ಬಂದಿತು. ಈ ಕ್ರಮವು ಕೆಲವು ಕಡತಗಳ ಆರಂಭದಲ್ಲಿ ಟಿಪ್ಪಣಿಯಾಗಿ ಬರೆಯಲ್ಪಟ್ಟಿದೆ. ಅನೇಕ ಕಡೆಗಳಲ್ಲಿ ಅದು ಬರೆಯದ ಸಂಪ್ರದಾಯವಾಗಿಯೇ ಉಳಿದಿದೆ. ಕರ್ನಲ್‌ನ್ನು ತಿದ್ದುವ ಹೊಸಬನಿಗೆ ಲಿಖಿತ ಪಠ್ಯ ಕೈಗೆ ಸಿಗುತ್ತದೆ, ಸಂಪ್ರದಾಯ ಸಿಗುವುದಿಲ್ಲ. ದೋಷಗಳ ಮೂಲ ಬಹುತೇಕ ಇಲ್ಲಿದೆ.

೩. ಜಾಲಭಾಗದ ವಿಶೇಷ ಸ್ಥಿತಿ

ಜಾಲಭಾಗದಲ್ಲಿ ಬೀಗದ ವಿಚಾರ ಹೆಚ್ಚು ಜಟಿಲವಾಗುವುದಕ್ಕೆ ಒಂದು ಕಾರಣವುಂಟು. ಅಲ್ಲಿ ಒಂದೇ ವಸ್ತುವನ್ನು ಮೂರು ಭಿನ್ನ ಸನ್ನಿವೇಶಗಳಿಂದ ಮುಟ್ಟಬೇಕಾಗುತ್ತದೆ. ಬಳಕೆದಾರನ ಪ್ರೋಗ್ರಾಂ ಮಾಹಿತಿಯನ್ನು ಕಳುಹಿಸಲು ಅಥವಾ ಓದಲು ಕರ್ನಲ್‌ನ್ನು ಕೇಳಿಕೊಳ್ಳುವುದು ಮೊದಲನೆಯದು. ಜಾಲಕಾರ್ಡು ಪ್ಯಾಕೆಟ್ ಬಂದಿತೆಂದು ಇಂಟರಪ್ಟ್ ಕೊಡುವುದು ಎರಡನೆಯದು. ಇಂಟರಪ್ಟನ್ನು ಬೇಗ ಮುಗಿಸಿ, ಉಳಿದ ದೀರ್ಘವಾದ ಕೆಲಸವನ್ನು ಸ್ವಲ್ಪ ಮುಂದೂಡಿ ಮಾಡುವ ಸಾಫ್ಟ್ ಇಂಟರಪ್ಟ್ ಎಂಬುದು ಮೂರನೆಯದು. ಬಂದ ಪ್ಯಾಕೆಟ್ ಯಾರದೆಂದು ನೋಡಿ ಅದನ್ನು ತಲುಪಿಸುವ ಕೆಲಸ ಬಹುಪಾಲು ನಡೆಯುವುದು ಈ ಮೂರನೆಯದರಲ್ಲಿ.

ಇವುಗಳಲ್ಲಿ ಒಂದು ಮೇಲುಕೀಳಿನ ವ್ಯವಸ್ಥೆಯಿದೆ. ಸಾಮಾನ್ಯ ಕರ್ನಲ್‌ನಲ್ಲಿ ಪ್ರೋಗ್ರಾಮಿನ ಕೆಲಸವನ್ನು ನಡುವೆ ನಿಲ್ಲಿಸಿ ಸಾಫ್ಟ್ ಇಂಟರಪ್ಟ್ ನಡೆಯಬಹುದು. ಸಾಫ್ಟ್ ಇಂಟರಪ್ಟನ್ನು ನಡುವೆ ನಿಲ್ಲಿಸಿ ಯಂತ್ರಾಂಶದ ಇಂಟರಪ್ಟ್ ನಡೆಯಬಹುದು. ಇದರ ವಿಲೋಮ ಸಾಧ್ಯವಿಲ್ಲ. ಹೀಗೆ ನಡುವೆ ಬಂದ ಕೆಲಸ ಪೂರ್ತಿಯಾಗಿ ಮುಗಿದ ಹೊರತು, ನಿಂತುಹೋದ ಕೆಲಸ ಆ ಪ್ರೊಸೆಸರಿನಲ್ಲಿ ಮುಂದುವರಿಯಲಾರದು. ಈ ಒಂದು ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರಿಕೆ.

ಈ ತೊಡಕನ್ನು ಮೂಲ ರಚನಕಾರರು ಹೇಗೆ ನಿವಾರಿಸಿದ್ದಾರೆಂಬುದಕ್ಕೆ ಸಾಕೆಟ್ಟಿನ ಬೀಗ ಉತ್ತಮ ನಿದರ್ಶನ. ಸಾಕೆಟ್ ಎಂದರೆ ಪ್ರೋಗ್ರಾಮಿಗೂ ಜಾಲಕ್ಕೂ ನಡುವಣ ಸಂಪರ್ಕದ ತುದಿ. ಇದರ ಬೀಗಕ್ಕೆ ಎರಡು ಅಂಗಗಳಿವೆ: ಒಂದು ಸ್ಪಿನ್ ಲಾಕ್, ಇನ್ನೊಂದು ಒಡೆತನದ ಗುರುತು. ಪ್ರೋಗ್ರಾಮಿನ ಕೆಲಸವು ಸ್ಪಿನ್ ಲಾಕನ್ನು ಕ್ಷಣಮಾತ್ರ ಹಿಡಿದು, ಒಡೆತನದ ಗುರುತನ್ನು ಹಾಕಿ, ಸ್ಪಿನ್ ಲಾಕನ್ನು ಬಿಟ್ಟುಬಿಡುತ್ತದೆ. ಆ ಮಧ್ಯೆ ಪ್ಯಾಕೆಟ್ ಬಂದರೆ ಸಾಫ್ಟ್ ಇಂಟರಪ್ಟ್ ಆ ಗುರುತನ್ನು ಕಂಡು, ಕಾಯುವುದಕ್ಕೆ ನಿಲ್ಲದೆ, ಪ್ಯಾಕೆಟ್ಟನ್ನು ಒಂದು ಬಾಕಿ ಸಾಲಿಗೆ ಸೇರಿಸಿ ಹೊರಟುಹೋಗುತ್ತದೆ. ಒಡೆತನವನ್ನು ಬಿಡುವ ಮುನ್ನ ಪ್ರೋಗ್ರಾಮಿನ ಕೆಲಸವೇ ಆ ಬಾಕಿಯನ್ನು ತೀರಿಸುತ್ತದೆ. ಮನೆಯವರು ಕೆಲಸದಲ್ಲಿದ್ದಾಗ ಅಂಚೆಯವನು ಬಾಗಿಲಲ್ಲಿ ನಿಲ್ಲದೆ ಕಾಗದವನ್ನು ಪೆಟ್ಟಿಗೆಗೆ ಹಾಕಿ ಹೋಗುವಂತೆ ಈ ಏರ್ಪಾಡು.

೪. ತಿದ್ದಿದ ಕರ್ನಲ್: ಒಂದು ಮಾದರಿ ಪ್ರಕರಣ

ಈಗ ಒಂದು ಕಲ್ಪಿತ, ಆದರೆ ತೀರ ಸಾಮಾನ್ಯವಾದ ಪ್ರಕರಣವನ್ನು ತೆಗೆದುಕೊಳ್ಳೋಣ. ಒಬ್ಬ ಸಂಶೋಧನ ವಿದ್ಯಾರ್ಥಿ ತನ್ನ ಪ್ರಯೋಗಕ್ಕಾಗಿ ಲಿನಕ್ಸ್ ಕರ್ನಲ್‌ನ ಜಾಲಭಾಗವನ್ನು ತಿದ್ದುತ್ತಾನೆ. ಯಾವ ವಿಳಾಸದಿಂದ ಎಷ್ಟು ಪ್ಯಾಕೆಟ್ ಬಂದಿತೆಂಬ ಕೋಷ್ಟಕವನ್ನು ಇಡುವುದು ಅವನ ಉದ್ದೇಶ. ಪ್ಯಾಕೆಟ್ ಬಂದಾಗ ಸಾಫ್ಟ್ ಇಂಟರಪ್ಟ್ ಈ ಕೋಷ್ಟಕಕ್ಕೆ ಬರೆಯುತ್ತದೆ. ಬಳಕೆದಾರನು ಕೇಳಿದಾಗ ಪ್ರೋಗ್ರಾಮಿನ ಕೆಲಸವು ಅದನ್ನು ಓದುತ್ತದೆ. ಇಬ್ಬರೂ ಒಂದೇ ಸ್ಪಿನ್ ಲಾಕನ್ನು ಹಿಡಿದು ಬಿಡುತ್ತಾರೆ. ಕಾಗದದ ಮೇಲೆ ನೋಡಿದರೆ ಎಲ್ಲವೂ ಸರಿ. ಪ್ರಯೋಗಾಲಯದಲ್ಲಿ ಇಡೀ ದಿನ ನಡೆಸಿದರೂ ತೊಂದರೆ ಕಾಣುವುದಿಲ್ಲ. ಅದೇ ಕರ್ನಲ್‌ನ್ನು ದಟ್ಟಣೆಯುಳ್ಳ ಸರ್ವರಿಗೆ ಹಾಕಿದಾಗ ಕೆಲವೇ ನಿಮಿಷಗಳಲ್ಲಿ ಒಂದು ಪ್ರೊಸೆಸರು ನಿಂತುಹೋಗುತ್ತದೆ. ಕ್ರಮೇಣ ಬೀಗಕ್ಕಾಗಿ ಬಂದ ಇತರ ಪ್ರೊಸೆಸರುಗಳೂ ನಿಲ್ಲುತ್ತವೆ.

ಏನು ನಡೆಯಿತು? ಪ್ರೋಗ್ರಾಮಿನ ಕೆಲಸವು ಒಂದನೆಯ ಪ್ರೊಸೆಸರಿನಲ್ಲಿ ಬೀಗವನ್ನು ಹಿಡಿದಿತ್ತು. ಆ ಕ್ಷಣದಲ್ಲಿಯೇ ಅದೇ ಪ್ರೊಸೆಸರಿಗೆ ಜಾಲಕಾರ್ಡಿನ ಇಂಟರಪ್ಟ್ ಬಂದಿತು. ಅದು ಮುಗಿದೊಡನೆ ಸಾಫ್ಟ್ ಇಂಟರಪ್ಟ್ ಆರಂಭವಾಗಿ ಕೋಷ್ಟಕಕ್ಕೆ ಬರೆಯಲು ಅದೇ ಬೀಗವನ್ನು ಕೇಳಿತು. ಬೀಗ ಬಿಡಬೇಕಾದದ್ದು ಪ್ರೋಗ್ರಾಮಿನ ಕೆಲಸ. ಅದು ಸಾಫ್ಟ್ ಇಂಟರಪ್ಟ್ ಮುಗಿಯುವವರೆಗೆ ಅಲುಗಾಡಲಾರದು. ಮುಗಿಯಬೇಕಾದದ್ದು ಸಾಫ್ಟ್ ಇಂಟರಪ್ಟ್. ಅದು ಬೀಗ ಸಿಗುವವರೆಗೆ ಮುಂದೆ ಹೋಗಲಾರದು. ಇಲ್ಲಿ ಚಕ್ರಕ್ಕೆ ಎರಡು ಬೀಗಗಳೂ ಬೇಕಾಗಲಿಲ್ಲ. ಒಂದೇ ಬೀಗ, ಒಂದೇ ಪ್ರೊಸೆಸರು ಸಾಕಾಯಿತು. ಬೇರೆ ಪ್ರೊಸೆಸರಿನಲ್ಲಿ ಆ ಸಾಫ್ಟ್ ಇಂಟರಪ್ಟ್ ನಡೆದಿದ್ದರೆ ಅದು ಒಂದು ಕ್ಷಣ ಕಾದು, ಬೀಗವನ್ನು ಪಡೆದು, ತನ್ನ ಪಾಡಿಗೆ ಮುಂದುವರಿಯುತ್ತಿತ್ತು.

ಪ್ರಯೋಗಾಲಯದ ಮೌನಕ್ಕೆ ಕಾರಣವೇನೆಂಬುದು ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಪ್ರೋಗ್ರಾಮಿನ ಕೆಲಸವು ಸೆಕೆಂಡಿಗೆ 10 ಬಾರಿ, ಪ್ರತಿ ಬಾರಿ ಒಂದು ಮೈಕ್ರೋಸೆಕೆಂಡು ಬೀಗವನ್ನು ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಆಗ ಬೀಗವು ಹಿಡಿದಿರುವ ಕಾಲ ಒಟ್ಟು ಕಾಲದ ಲಕ್ಷದಲ್ಲಿ ಒಂದು ಭಾಗ. ಆ ಪ್ರೊಸೆಸರಿಗೆ ಸೆಕೆಂಡಿಗೆ ಒಂದು ಇಂಟರಪ್ಟ್ ಬರುತ್ತಿದ್ದರೆ, ಅಪಾಯದ ಗಳಿಗೆಗೆ ಅದು ಸರಿಯಾಗಿ ಬಂದು ಬೀಳಲು ಸರಾಸರಿ ಒಂದು ಲಕ್ಷ ಸೆಕೆಂಡು, ಎಂದರೆ ಸುಮಾರು 28 ಗಂಟೆ ಬೇಕು. ಸೆಕೆಂಡಿಗೆ 1,000 ಬರುತ್ತಿದ್ದರೆ 100 ಸೆಕೆಂಡು ಸಾಕು. ದೋಷ ಎರಡೂ ಯಂತ್ರಗಳಲ್ಲಿ ಒಂದೇ; ಪ್ರಕಟವಾಗುವ ಅವಕಾಶ ಮಾತ್ರ ಬೇರೆ. ತಪ್ಪು ಕಾಣಲಿಲ್ಲವೆಂಬುದು ತಪ್ಪು ಇಲ್ಲವೆಂಬುದಕ್ಕೆ ಪ್ರಮಾಣವಾಗಲಾರದು ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಬೀಗಕ್ಕೆ ಸಂಬಂಧಿಸಿದ ಬೇರೊಂದು ಬಗೆಯ ದೋಷದಲ್ಲಿಯೂ ಇದೇ ಪಾಠವಿದೆ. 1997ರ ಜುಲೈ 4ರಂದು ಮಂಗಳಗ್ರಹದ ಮೇಲೆ ಇಳಿದ ಪಾತ್‌ಫೈಂಡರ್ ನೌಕೆಯ ಗಣಕಯಂತ್ರ ಮತ್ತೆ ಮತ್ತೆ ತಾನಾಗಿಯೇ ಪುನರಾರಂಭಗೊಳ್ಳತೊಡಗಿತು. ಕಡಮೆ ಪ್ರಾಶಸ್ತ್ಯದ ಕೆಲಸವೊಂದು ಬೀಗ ಹಿಡಿದಿದ್ದಾಗ ಮಧ್ಯಮ ಪ್ರಾಶಸ್ತ್ಯದ ಕೆಲಸಗಳು ಅದನ್ನು ತಡೆದು, ಆ ಬೀಗಕ್ಕೆ ಕಾಯುತ್ತಿದ್ದ ಹೆಚ್ಚು ಪ್ರಾಶಸ್ತ್ಯದ ಕೆಲಸವೇ ಹಿಂದೆ ಬಿದ್ದಿದ್ದುದು ಇದರ ಕಾರಣ. ಉಡಾವಣೆಗೆ ಮುಂಚಿನ ಪರೀಕ್ಷೆಗಳಲ್ಲಿ ಈ ದೋಷ ತಲೆದೋರಿದ್ದುಂಟು. ಆದರೆ ಪುನಃ ಕಾಣಿಸಿಕೊಳ್ಳದೆಯೂ ವಿವರಣೆಗೆ ಸಿಕ್ಕದೆಯೂ ಉಳಿದುಬಿಟ್ಟಿತ್ತು. ಭೂಮಿಯ ಮೇಲಿನ ಪ್ರತಿರೂಪ ಯಂತ್ರದಲ್ಲಿ ಘಟನಾವಳಿಯನ್ನು ದಾಖಲಿಸುತ್ತ ನಡೆಸಿದ ಪ್ರಯೋಗದಿಂದ ಕಾರಣ ತಿಳಿದು, ತಿದ್ದುಪಡಿಯನ್ನು ಇಲ್ಲಿಂದಲೇ ರವಾನಿಸಲಾಯಿತು.

೫. ಕುರುಹುಗಳ ಓದು

ಯಂತ್ರ ನಿಂತಾಗ ದೊರೆಯುವ ಮುಖ್ಯ ಆಕರವೆಂದರೆ ಕಾವಲು ವ್ಯವಸ್ಥೆಯ ವರದಿ. ಒಂದು ಪ್ರೊಸೆಸರು ಸುಮಾರು 20 ಸೆಕೆಂಡುಗಳವರೆಗೆ ಬೇರೆ ಕೆಲಸಗಳಿಗೆ ಎಡೆಗೊಡದೆ ಕರ್ನಲ್‌ನಲ್ಲಿಯೇ ಸಿಕ್ಕಿಕೊಂಡಿದ್ದರೆ ಲಿನಕ್ಸ್ ಅದನ್ನು ಸಾಫ್ಟ್ ಲಾಕಪ್ ಎಂದು ವರದಿಮಾಡುತ್ತದೆ. ಇದರಲ್ಲಿ ಆ ಗಳಿಗೆಯಲ್ಲಿ ಯಾವ ಕಾರ್ಯವಿಧಾನ ಯಾವುದನ್ನು ಕರೆದಿತ್ತೆಂಬ ಪರಂಪರೆ ಮುದ್ರಿತವಾಗುತ್ತದೆ. ಇತ್ತೀಚಿನದು ಮೇಲೆ, ಹಳೆಯದು ಕೆಳಗೆ. ಆದುದರಿಂದ ಕಾಲಕ್ರಮವನ್ನು ತಿಳಿಯಲು ಕೆಳಗಿನಿಂದ ಮೇಲಕ್ಕೆ ಓದಬೇಕು.

ಮೇಲಿನ ಪ್ರಕರಣದಲ್ಲಿ ಈ ಪರಂಪರೆಗೆ ಎರಡು ಸ್ತರಗಳಿರುತ್ತವೆ. ತುದಿಯಲ್ಲಿ ಸ್ಪಿನ್ ಲಾಕಿಗಾಗಿ ಕಾಯುವ ಕಾರ್ಯವಿಧಾನ, ಅದರ ಕೆಳಗೆ ಕೋಷ್ಟಕಕ್ಕೆ ಬರೆಯುವುದು, ಅದರ ಕೆಳಗೆ ಪ್ಯಾಕೆಟ್ ಸ್ವೀಕರಿಸುವ ವಿಧಾನಗಳು ಇರುತ್ತವೆ. ಈ ಭಾಗವನ್ನು ಇಂಟರಪ್ಟಿಗೆ ಸೇರಿದ್ದೆಂದು ವಿಶೇಷ ಗುರುತುಗಳ ನಡುವೆ ತೋರಿಸಲಾಗಿರುತ್ತದೆ. ಅದಕ್ಕೂ ಕೆಳಗೆ, ತಡೆದು ನಿಲ್ಲಿಸಲ್ಪಟ್ಟ ಕೆಲಸದ ಸ್ತರದಲ್ಲಿ, ಕೋಷ್ಟಕವನ್ನು ಓದುವ ವಿಧಾನದ ಹೆಸರಿರುತ್ತದೆ. ಒಂದೇ ಕೋಷ್ಟಕವನ್ನು ಮುಟ್ಟುವ ಎರಡು ವಿಧಾನಗಳು ಒಂದೇ ಪರಂಪರೆಯ ಎರಡು ಸ್ತರಗಳಲ್ಲಿ ಕಾಣುವುದೇ ಇಲ್ಲಿ ನಿರ್ಣಾಯಕ ಸಾಕ್ಷ್ಯ. ವರದಿಯ ಮೊದಲ ಸಾಲಿನಲ್ಲಿ ಕಾಣುವ ಪ್ರೋಗ್ರಾಮಿನ ಹೆಸರನ್ನು ನೋಡಿ ಅದನ್ನೇ ಅಪರಾಧಿಯೆಂದು ಎಣಿಸುವುದು ಸಾಮಾನ್ಯ ಪ್ರಮಾದ. ಆ ಹೆಸರು ಘಟನೆಯ ಕಾಲದಲ್ಲಿ ಆ ಪ್ರೊಸೆಸರಿನಲ್ಲಿ ಯಾರಿದ್ದರೆಂಬುದನ್ನಷ್ಟೆ ಹೇಳುತ್ತದೆ. ಶಾಸನದ ಆರಂಭದಲ್ಲಿ ಆಳುವ ಅರಸನ ಹೆಸರು ಬಂದ ಮಾತ್ರಕ್ಕೆ ದಾನ ಕೊಟ್ಟವನು ಅವನೇ ಎಂದು ನಿರ್ಣಯಿಸಲಾಗದಷ್ಟೆ.

ಇನ್ನೊಂದು ಅಂಶ ನಮ್ಮ ವಿದ್ಯಾರ್ಥಿಗಳಿಗೆ ಸ್ವಾರಸ್ಯವಾಗಿ ತೋರಬಹುದು. ಪರಂಪರೆಯಲ್ಲಿ ಕೆಲವು ಹೆಸರುಗಳ ಹಿಂದೆ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಆ ಹೆಸರು ಮೆಮೊರಿಯಲ್ಲಿ ಸಿಕ್ಕಿದ್ದು ನಿಜ. ಅದು ಈ ಪರಂಪರೆಗೇ ಸೇರಿದ್ದೋ, ಹಿಂದಿನ ಯಾವುದೋ ಕೆಲಸ ಬಿಟ್ಟುಹೋದ ಅವಶೇಷವೋ ನಿಶ್ಚಯವಿಲ್ಲವೆಂದು ಅದರ ಅರ್ಥ. ಶಾಸನ ಸಂಪಾದಕರು ಸಂದೇಹಾಸ್ಪದವಾದ ಪಾಠವನ್ನು ಗುರುತಿಸಿ ಮುದ್ರಿಸುವ ಪದ್ಧತಿಯನ್ನೇ ಇದು ಹೋಲುತ್ತದೆ. ಅಂಥ ಹೆಸರುಗಳ ಮೇಲೆ ಸಿದ್ಧಾಂತ ಕಟ್ಟುವುದು ಸಲ್ಲದು.

ಕಾರಣ ತಿಳಿದ ಬಳಿಕ ಪರಿಹಾರ ಚಿಕ್ಕದು. ಪ್ರೋಗ್ರಾಮಿನ ಕೆಲಸವು ಬೀಗವನ್ನು ಹಿಡಿಯುವಾಗ ಆ ಪ್ರೊಸೆಸರಿನಲ್ಲಿ ಸಾಫ್ಟ್ ಇಂಟರಪ್ಟನ್ನು ತಡೆಹಿಡಿದು, ಬಿಟ್ಟ ಮೇಲೆ ಮತ್ತೆ ತೆರೆಯಬೇಕು. ಇದಕ್ಕಾಗಿ ಬೇರೆ ಹೆಸರಿನ ಕರೆಯೇ ಇದೆ. ಸ್ಪಿನ್ ಲಾಕ್ ಎಂಬುದರ ಕೊನೆಗೆ ಬಿಎಚ್ ಎಂಬ ಎರಡು ಅಕ್ಷರಗಳು ಸೇರಿರುತ್ತವೆ. ಅವು ಬಾಟಮ್ ಹಾಫ್ ಎಂಬ ಹಳೆಯ ವ್ಯವಸ್ಥೆಯ ಹೆಸರಿನ ಸಂಕ್ಷೇಪ. ಆ ವ್ಯವಸ್ಥೆ ಕರ್ನಲ್‌ನಿಂದ ಹೋಗಿ ಎಷ್ಟೋ ವರ್ಷಗಳಾದರೂ ಊರಿನ ಹೆಸರಿನಲ್ಲಿ ಹಳೆಯ ಪದ ಉಳಿಯುವಂತೆ ಇದು ಉಳಿದಿದೆ. ಬೀಗವನ್ನೇ ತೆಗೆದುಹಾಕುವುದು ಮಾತ್ರ ಪರಿಹಾರವಲ್ಲ. ಹಾಗೆ ಮಾಡಿದರೆ ಯಂತ್ರ ನಿಲ್ಲುವುದಿಲ್ಲ, ದಿಟ; ಆದರೆ ಕೋಷ್ಟಕ ಸದ್ದಿಲ್ಲದೆ ಕೆಡುತ್ತ ಹೋಗುತ್ತದೆ. ಯಂತ್ರ ನಿಂತರೆ ಕೆಲಸ ಕೆಟ್ಟಿತೆಂದು ತಿಳಿಯುತ್ತದೆ. ಕೋಷ್ಟಕ ಕೆಟ್ಟರೆ ಆ ಸಂಖ್ಯೆಗಳಿಂದ ಬರೆದ ಪ್ರಬಂಧವೂ ಕೆಡುತ್ತದೆ, ಮತ್ತು ಅದು ಯಾರಿಗೂ ತಿಳಿಯುವುದಿಲ್ಲ.

೬. ನಡೆಯದ ಘಟನೆಗೆ ಪ್ರಮಾಣ

ಇದುವರೆಗೆ ಹೇಳಿದ್ದು ಅನಾಹುತ ನಡೆದ ನಂತರದ ಶೋಧನೆ. ನಡೆಯುವುದಕ್ಕೆ ಮೊದಲೇ ಅದನ್ನು ಸಿದ್ಧಪಡಿಸಿ ತೋರಿಸಲು ಸಾಧ್ಯವೇ ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ಇಂಗೊ ಮೋಲ್ನಾರ್ ಮುಂತಾದವರು ರಚಿಸಿ 2006ರ ಸೆಪ್ಟೆಂಬರಿನ ಲಿನಕ್ಸ್ 2.6.18 ಆವೃತ್ತಿಯಲ್ಲಿ ಸೇರಿದ ಲಾಕ್‌ಡೆಪ್ ಎಂಬ ಪರೀಕ್ಷಕವು ಇದನ್ನು ಸಾಧಿಸಿತು. ಫ್ರೀಬಿಎಸ್‌ಡಿಯಲ್ಲಿ ವಿಟ್ನೆಸ್, ಎಂದರೆ ಸಾಕ್ಷಿ, ಎಂಬ ಸಾರ್ಥಕವಾದ ಹೆಸರಿನ ಇಂಥದೇ ಪರೀಕ್ಷಕವಿದೆ.

ಇದರ ತತ್ತ್ವವನ್ನು ವಂಶಾವಳಿಯ ದೃಷ್ಟಾಂತದಿಂದ ತಿಳಿಯಬಹುದು. ಕ ಎಂಬ ಅರಸನು ಖ ಎಂಬವನಿಗಿಂತ ಹಿಂದಿನವನೆಂದು ಒಂದು ಶಾಸನ ಹೇಳುತ್ತದೆ. ಖ ಎಂಬವನು ಗ ಎಂಬವನಿಗಿಂತ ಹಿಂದಿನವನೆಂದು ಬೇರೊಂದು ಊರಿನ, ಬೇರೊಂದು ಕಾಲದ ಶಾಸನ ಹೇಳುತ್ತದೆ. ಕ ಮತ್ತು ಗ ಇಬ್ಬರನ್ನೂ ಒಟ್ಟಿಗೆ ಹೆಸರಿಸುವ ಶಾಸನ ಒಂದೂ ಇಲ್ಲದಿದ್ದರೂ ಕ ಹಿಂದಿನವನೆಂದು ನಾವು ನಿಶ್ಚಯಿಸುತ್ತೇವೆ. ಮೂರನೆಯ ಶಾಸನವೊಂದು ಗ ಎಂಬವನೇ ಕ ಎಂಬವನಿಗಿಂತ ಹಿಂದಿನವನೆಂದು ಹೇಳಿದರೆ, ಮೂರರಲ್ಲಿ ಎಲ್ಲಿಯೋ ತಪ್ಪಿದೆಯೆಂದು ತಿಳಿಯುತ್ತದೆ. ಇದಕ್ಕಾಗಿ ಮೂರು ಶಾಸನಗಳೂ ಒಂದೇ ದಿನ ಬರೆಯಲ್ಪಟ್ಟಿರಬೇಕಾಗಿಲ್ಲ.

ಲಾಕ್‌ಡೆಪ್ ಬೀಗಗಳಿಗೆ ಇದನ್ನೇ ಅನ್ವಯಿಸುತ್ತದೆ. ಒಂದು ಬೀಗವನ್ನು ಹಿಡಿದಿರುವಾಗ ಇನ್ನೊಂದನ್ನು ಹಿಡಿದ ಪ್ರತಿಯೊಂದು ಹೊಸ ಕ್ರಮವನ್ನೂ ಅದು ದಾಖಲಿಸುತ್ತ, ಈಗಾಗಲೇ ತಿಳಿದ ಕ್ರಮಗಳೊಡನೆ ಸೇರಿ ಚಕ್ರವಾಗುವುದೇ ಎಂದು ಪರೀಕ್ಷಿಸುತ್ತದೆ. ಬೆಳಿಗ್ಗೆ ಒಂದು ಕೆಲಸ ಕ ಹಿಡಿದು ಖ ಹಿಡಿಯಿತು. ಸಂಜೆ ಬೇರೊಂದು ಕೆಲಸ ಖ ಹಿಡಿದು ಕ ಹಿಡಿಯಿತು. ಎರಡೂ ನಿರಾತಂಕವಾಗಿ ಮುಗಿದವು. ಆದರೂ ಡೆಡ್‌ಲಾಕ್ ಸಾಧ್ಯವೆಂದು ಸಂಜೆಯೇ ವರದಿಯಾಗುತ್ತದೆ. ಹಾಗೆಯೇ ಒಂದು ಬೀಗವು ಒಮ್ಮೆ ಸಾಫ್ಟ್ ಇಂಟರಪ್ಟಿನ ಒಳಗೆ ಹಿಡಿಯಲ್ಪಟ್ಟು, ಮತ್ತೊಮ್ಮೆ ಸಾಫ್ಟ್ ಇಂಟರಪ್ಟ್ ತೆರೆದಿರುವಾಗ ಪ್ರೋಗ್ರಾಮಿನ ಕೆಲಸದಿಂದ ಹಿಡಿಯಲ್ಪಟ್ಟರೆ ಅದನ್ನು ಅಸಂಗತವೆಂದು ಘೋಷಿಸುತ್ತದೆ. ಮೇಲಿನ ವಿದ್ಯಾರ್ಥಿ ತನ್ನ ಪ್ರಯೋಗಾಲಯದಲ್ಲಿ ಈ ಪರೀಕ್ಷಕವನ್ನು ಸೇರಿಸಿ ಕರ್ನಲ್ ಕಟ್ಟಿದ್ದರೆ, ಒಂದು ಪ್ಯಾಕೆಟ್ ಬಂದು, ಕೋಷ್ಟಕವನ್ನು ಒಮ್ಮೆ ಓದಿದೊಡನೆ ದೋಷ ತಿಳಿಯುತ್ತಿತ್ತು. 28 ಗಂಟೆ ಕಾಯುವ ಪ್ರಮೇಯವಿರಲಿಲ್ಲ.

ಬೀಗವೆಂದು ಹೆಸರಿಲ್ಲದ ಕಡೆಯೂ ಈ ತರ್ಕ ಉಪಯೋಗಕ್ಕೆ ಬರುತ್ತದೆ. ಲಿನಕ್ಸ್ ಜಾಲಭಾಗದಲ್ಲಿ ಜಾಲಸಾಧನಗಳ ಏರ್ಪಾಡನ್ನು ಬದಲಿಸುವಾಗ ಹಿಡಿಯುವ ಆರ್‌ಟಿಎನ್‌ಎಲ್ ಎಂಬ ಮ್ಯೂಟೆಕ್ಸ್ ಇದೆ. ಜಾಲಸಾಧನವನ್ನು ಮುಚ್ಚುವ ಕೆಲಸವು ಇದನ್ನು ಹಿಡಿದುಕೊಂಡೇ ನಡೆಯುತ್ತದೆ. ತಿದ್ದಿದ ಚಾಲಕ ಪ್ರೋಗ್ರಾಂ ಒಂದರಲ್ಲಿ, ಮುಚ್ಚುವಾಗ ಹಿನ್ನೆಲೆಯ ಕೆಲಸವೊಂದು ಮುಗಿಯಲೆಂದು ಕಾಯುವ ಸಾಲನ್ನು ಸೇರಿಸಿದ್ದಾರೆ. ಆ ಹಿನ್ನೆಲೆಯ ಕೆಲಸವೋ ಇದೇ ಮ್ಯೂಟೆಕ್ಸನ್ನು ಕೇಳುತ್ತದೆ. ಇಬ್ಬರೂ ಮಲಗಿಬಿಡುತ್ತಾರೆ. ಪ್ರೊಸೆಸರು ಬಿಡುವಾಗಿರುವುದರಿಂದ ಸಾಫ್ಟ್ ಲಾಕಪ್ ವರದಿ ಬರುವುದಿಲ್ಲ. ಜಾಲದ ಏರ್ಪಾಡಿಗೆ ಸಂಬಂಧಿಸಿದ ಆಜ್ಞೆಗಳೆಲ್ಲ ಒಂದರ ಹಿಂದೊಂದು ನಿಲ್ಲುತ್ತವೆ. ವಾಡಿಕೆಯ ಏರ್ಪಾಡಿನಲ್ಲಿ 120 ಸೆಕೆಂಡುಗಳ ಬಳಿಕ ಕೆಲಸವೊಂದು ಕದಲದೆ ನಿಂತಿದೆಯೆಂಬ ಬೇರೆ ವರದಿ ಬರುತ್ತದೆ. ಕೆಲಸ ಮುಗಿಯಲೆಂದು ಕಾಯುವುದೂ ಒಂದು ಬಗೆಯ ಬೀಗಕ್ಕೆ ಕಾಯುವುದೇ ಎಂದು ಪರಿಗಣಿಸಿ ಲಾಕ್‌ಡೆಪ್ ಈ ಚಕ್ರವನ್ನೂ ಗುರುತಿಸುತ್ತದೆ.

೭. ಪ್ರಮಾಣದ ಮಿತಿಗಳು

ಯಾವ ಸಾಕ್ಷಿಯನ್ನೂ ಪರೀಕ್ಷಿಸದೆ ಒಪ್ಪಲಾಗದು. ಈ ಸಾಕ್ಷಿಗೂ ಮಿತಿಗಳುಂಟು. ಮೊದಲನೆಯದಾಗಿ, ಒಮ್ಮೆಯಾದರೂ ನಡೆದ ಕ್ರಮವನ್ನು ಮಾತ್ರ ಅದು ಬಲ್ಲದು. ತಪ್ಪು ದಾರಿ ಒಮ್ಮೆಯೂ ನಡೆಯದಿದ್ದರೆ ಅದರ ವಿಚಾರದಲ್ಲಿ ಪರೀಕ್ಷಕ ಮೌನ. ಆದುದರಿಂದ ತಿದ್ದುಪಡಿ ಮಾಡಿದವನು ಸಾಧನವನ್ನು ತೆರೆಯುವುದು, ಮುಚ್ಚುವುದು, ತಪ್ಪು ಸಂಭವಿಸಿದಾಗ ಹಿಂದಿರುಗುವುದು ಮೊದಲಾದ ಅಪರೂಪದ ದಾರಿಗಳನ್ನು ಬೇಕೆಂದೇ ನಡೆಸಿ ನೋಡಬೇಕು.

ಎರಡನೆಯದಾಗಿ, ಲಾಕ್‌ಡೆಪ್ ಬೀಗಗಳನ್ನು ಒಂದೊಂದಾಗಿ ನೋಡದೆ ವರ್ಗಗಳಾಗಿ ನೋಡುತ್ತದೆ. ಸಾವಿರ ಸಾಕೆಟ್ಟುಗಳಿದ್ದರೂ ಒಂದೇ ಕಡೆ ಆರಂಭಗೊಂಡ ಅವುಗಳ ಬೀಗಗಳೆಲ್ಲ ಒಂದು ವರ್ಗ. ತರ್ಕದ ವ್ಯಾಪ್ತಿ ಹೆಚ್ಚುವುದಕ್ಕೆ ಇದೇ ಕಾರಣ. ತಪ್ಪು ಆರೋಪಕ್ಕೂ ಇದೇ ಕಾರಣ. ಬೇರೆ ಬೇರೆ ಪ್ರೋಟೋಕಾಲ್ ಕುಟುಂಬಗಳ ಸಾಕೆಟ್ಟುಗಳು ಒಂದೇ ಕೋಡಿನಿಂದ ಆರಂಭವಾಗುವುದರಿಂದ ಅವುಗಳನ್ನು ಒಂದೇ ವರ್ಗವೆಂದು ಎಣಿಸಿ ಇಲ್ಲದ ಚಕ್ರವನ್ನು ಕಾಣುವಂತಾಗಿ, ಕುಟುಂಬಕ್ಕೊಂದು ವರ್ಗವನ್ನು ಕಲ್ಪಿಸಬೇಕಾಯಿತು. ಒಂದೇ ಹೆಸರಿನ ಇಬ್ಬರು ಅರಸರನ್ನು ಒಬ್ಬನೆಂದು ಭಾವಿಸಿದಾಗ ವಂಶಾವಳಿಯಲ್ಲಿ ಹುಟ್ಟುವ ಗೊಂದಲ ನಮಗೆ ಹೊಸದಲ್ಲ. ಆದರೆ ವರದಿ ಬಂದೊಡನೆ ಅದು ಸುಳ್ಳೆಂದು ಊಹಿಸಿ ಬೇರೆ ವರ್ಗವನ್ನು ಸೃಷ್ಟಿಸಿ ಸಾಕ್ಷಿಯ ಬಾಯಿ ಮುಚ್ಚಿಸುವುದು ಅಪಾಯಕರ. ಎರಡೂ ಬೀಗಗಳು ಎಂದಿಗೂ ಒಂದೇ ಆಗಲಾರವೆಂದು ಮೊದಲು ತೋರಿಸಬೇಕು.

ಮೂರನೆಯದಾಗಿ, ಮೊದಲ ದೋಷವನ್ನು ವರದಿಮಾಡಿದ ಮೇಲೆ ಪರೀಕ್ಷಕವು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ದಾಖಲೆಯಲ್ಲಿ ಒಮ್ಮೆ ವಿರೋಧ ಸೇರಿದ ನಂತರದ ಅನುಮಾನಗಳಿಗೆ ಬೆಲೆಯಿಲ್ಲವೆಂಬುದು ಇದರ ಹಿಂದಿನ ವಿಚಾರ. ಹೀಗಾಗಿ ಒಂದು ವರದಿ ಬಂದಿತೆಂದರೆ ಒಂದೇ ದೋಷವಿದೆಯೆಂದು ಅರ್ಥವಲ್ಲ. ಅದನ್ನು ತಿದ್ದಿ, ಮತ್ತೆ ಮೊದಲಿನಿಂದ ನಡೆಸಬೇಕು.

ಕಡೆಯದಾಗಿ, ನೋಡುವ ಕ್ರಿಯೆಯೇ ನೋಡಲ್ಪಡುವುದನ್ನು ಬದಲಿಸುತ್ತದೆ. ಪರೀಕ್ಷಕವು ಯಂತ್ರವನ್ನು ನಿಧಾನಗೊಳಿಸುತ್ತದೆ. ಅಲ್ಲಲ್ಲಿ ಮುದ್ರಿಸುವ ಸಾಲುಗಳನ್ನು ಸೇರಿಸಿದರೂ ಕಾಲದ ಅಂತರಗಳು ಬದಲಾಗುತ್ತವೆ. ಕಾಲಸಂಯೋಗವನ್ನು ಅವಲಂಬಿಸಿದ ದೋಷ ಆಗ ಮರೆಯಾಗಬಹುದು. ಲಾಕ್‌ಡೆಪ್‌ನ ನಿಜವಾದ ಬೆಲೆ ಇರುವುದು ಇಲ್ಲಿಯೇ: ಅದರ ವಾದ ಕಾಲಸಂಯೋಗವನ್ನು ಅವಲಂಬಿಸಿಲ್ಲ, ಕ್ರಮವನ್ನು ಅವಲಂಬಿಸಿದೆ.

ಉಪಸಂಹಾರ

ಆಸ್ಪತ್ರೆ, ಬ್ಯಾಂಕು, ದೂರವಾಣಿ, ರೈಲ್ವೆಗಳ ವ್ಯವಹಾರ ಇಂದು ಇಂಥ ಕರ್ನಲ್‌ಗಳ ಮೇಲೆ ನಿಂತಿದೆ. ಪ್ರಯೋಗಾಲಯದಲ್ಲಿ ಮೌನವಾಗಿದ್ದು ಜನಸಂದಣಿಯ ಹೊತ್ತಿನಲ್ಲಿ ತಲೆಯೆತ್ತುವುದು ಬೀಗದ ದೋಷದ ಸ್ವಭಾವವಾದ್ದರಿಂದ, ಇದುವರೆಗೆ ಕೆಟ್ಟಿಲ್ಲವೆಂಬ ಸಮಾಧಾನಕ್ಕೆ ಇಲ್ಲಿ ಸ್ಥಾನವಿಲ್ಲ. ತಿದ್ದುಪಡಿ ಮಾಡುವವನು ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡುವುದು ಅವಶ್ಯ: ಈ ವಸ್ತುವನ್ನು ಯಾವ ಯಾವ ಸನ್ನಿವೇಶಗಳಿಂದ ಮುಟ್ಟಲಾಗುತ್ತದೆ? ಈ ಬೀಗವನ್ನು ಹಿಡಿಯುವಾಗ ಬೇರಾವ ಬೀಗಗಳು ಹಿಡಿದಿರಬಹುದು? ಹಿಡಿದಿರುವಾಗ ಯಾರಿಗಾಗಿ ಕಾಯಬೇಕಾಗಬಹುದು?

ಇತಿಹಾಸದ ಅಭ್ಯಾಸಿಗಳಿಗೆ ಇದರಿಂದ ದೊರೆಯುವ ವಿಚಾರವೂ ಇದೆ. ಒಂದೊಂದು ಸಾಕ್ಷ್ಯವೂ ತನ್ನ ಮಟ್ಟಿಗೆ ನಿರಪಾಯವಾದ ಘಟನೆಯನ್ನೇ ಹೇಳುತ್ತಿದ್ದರೂ, ಅವುಗಳನ್ನು ಕ್ರಮವಾಗಿ ಜೋಡಿಸಿದಾಗ ಯಾವ ಸಾಕ್ಷ್ಯದಲ್ಲಿಯೂ ಇಲ್ಲದ ನಿರ್ಣಯವೊಂದು ಸಿದ್ಧವಾಗಬಲ್ಲದು. ಇದಕ್ಕೆ ಬೇಕಾದದ್ದು ಎರಡು: ಸಣ್ಣ ಸಂಗತಿಯನ್ನೂ ಅದರ ಪೂರ್ವಾಪರದೊಡನೆ ದಾಖಲಿಸುವ ಶಿಸ್ತು, ಮತ್ತು ಸಂದೇಹವಿರುವ ಕಡೆ ಸಂದೇಹದ ಗುರುತನ್ನು ಬಿಡದೆ ಉಳಿಸುವ ಪ್ರಾಮಾಣಿಕತೆ. ಗಣಕಶಾಸ್ತ್ರದ ವಿದ್ಯಾರ್ಥಿಗಳೂ ಇತಿಹಾಸದ ವಿದ್ಯಾರ್ಥಿಗಳೂ ಒಂದು ವರದಿಯನ್ನು ಮುಂದಿಟ್ಟುಕೊಂಡು ಒಟ್ಟಿಗೆ ಓದುವ ಏರ್ಪಾಡು ನಮ್ಮ ಕಾಲೇಜುಗಳಲ್ಲಿ ಆದರೆ ಉಭಯರಿಗೂ ಪ್ರಯೋಜನವಾದೀತು.